ಏತದ ಮರ ಹತ್ತಿ ಒತ್ತಿದ ಹುಲ್ಲು

ಏತದ ಮರ ಹತ್ತಿದ ಸೊಸೆ ಅಂತ ನಮ್ಮೂರಿನಲ್ಲಿ ನನ್ನನ್ನು ಈಗಲೂ ಆಡಿಕೊಳ್ಳುವವರಿದ್ದಾರೆ. ಆಡಿಕೊಳ್ಳಲಿ. ಹತ್ತಿದ್ದು ನಿಜ. ಒಂದು ಸಲವಲ್ಲ, ವರ್ಷಾನುಗಟ್ಟಲೆ ಹತ್ತಿದ್ದೇನೆ. ಯಾಕೆ ಹತ್ತಿದೆ ಅನ್ನುವುದನ್ನು ಮಾತ್ರ ಯಾರೂ ಸರಿಯಾಗಿ ಹೇಳುವುದಿಲ್ಲ. ಅದಕ್ಕೇ ನಾನೇ ಬರೆಯಲು ಕೂತಿದ್ದೇನೆ.

ಏತ ಕಾಣದವರಿಗೆ ಒಂದು ಮಾತು. ಬಾವಿಯ ದಡದಲ್ಲಿ ನೆಟ್ಟ ಕವೆಗಂಬದ ಮೇಲೆ ತಕ್ಕಡಿಯ ದಂಡಿಗೆಯ ಹಾಗೆ ಕೂತಿರುವ ಉದ್ದನೆಯ ಮರ ಅದು. ಗಂಡಾಳು ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆದರೆ ತುದಿಗೆ ಕಟ್ಟಿದ ಬಾನಿ ನೀರಿಗಿಳಿದು ತುಂಬಿಕೊಂಡು ಮೇಲೆ ಬರುತ್ತಿತ್ತು. ನಮ್ಮ ಮನೆಯ ಏತವನ್ನು ಮಾವಯ್ಯನ ಅಪ್ಪ ಮಾಡಿಸಿದ್ದು. ಎಪ್ಪತ್ತರ ದಶಕದಲ್ಲಿ ಕರೆಂಟು ಬಂದು ಬಾವಿಗೆ ಮೋಟರು ಇಳಿದ ಮೇಲೆ ಆ ಮರವನ್ನು ಹೊತ್ತು ತಂದು ಹಿತ್ತಲಲ್ಲಿ ಹಾಕಿದರು. ಅದರ ಮೇಲೆ ಕೋಳಿಗಳು ಕೂರುತ್ತಿದ್ದವು. ಕೋಳಿ ಕೂತರೆ ಯಾರೂ ಏನೂ ಅನ್ನುತ್ತಿರಲಿಲ್ಲ.

ನನ್ನ ತವರು ಗೆಟ್ಟವಾಡಿ. ಮದುವೆಯಾಗಿ ಬರುವಾಗ ನಮ್ಮಪ್ಪ ಎರಡು ಹಸು ಹೊಡೆದುಕೊಂಡು ಬಂದು ಈ ಮನೆಯ ಕೊಟ್ಟಿಗೆಯಲ್ಲಿ ಕಟ್ಟಿದ್ದ. ಒಂದು ಕೆಂದ ಬಣ್ಣದ್ದು, ಇನ್ನೊಂದು ಹಣೆಯಲ್ಲಿ ಬಿಳಿ ಚುಕ್ಕಿಯದು. ಹೊಸ ಮನೆಯಲ್ಲಿ ಮೊದಲ ವರ್ಷ ನಾನು ಮನಸ್ಸು ಬಿಚ್ಚಿ ಮಾತಾಡಿದ್ದೇನಾದರೂ ಇದ್ದರೆ ಅವುಗಳ ಕುತ್ತಿಗೆ ಉಜ್ಜುತ್ತಾ ಮಾತಾಡಿದ್ದೇ.

ನಮ್ಮ ಹೊಲ ಜೀರಹಳ್ಳಿ ಕಾಡಿನ ಅಂಚಿನಲ್ಲಿ. ರಾಗಿ ಬಡಿದಾದ ಮೇಲೆ ಹುಲ್ಲನ್ನು ಅಲ್ಲೇ ಮೆದೆ ಹಾಕುತ್ತಿದ್ದರು. ಊರೊಳಗೆ ತಂದು ಹಾಕಲು ಜಾಗವಿರಲಿಲ್ಲ. ಹಿತ್ತಲು ಅಂಗೈಯಷ್ಟು, ಕೊಟ್ಟಿಗೆಯ ಅಟ್ಟಕ್ಕೆ ಮೆದೆಯ ಕಾಲುಭಾಗ ತುರುಕಿದರೆ ಹೆಚ್ಚು. ಒಂದು ವರ್ಷ ಆನೆಗಳು ಬಂದವು. ತಿಂದದ್ದಕ್ಕಿಂತ ತುಳಿದದ್ದೇ ಜಾಸ್ತಿ. ಮೆದೆ ಇದ್ದ ಕಡೆ ಮಾರನೆಯ ದಿನ ಲದ್ದಿಯೂ ಕೆಸರೂ ಕಲಸಿದ ಹುಲ್ಲೂ ಇದ್ದವು. ಆ ಬೇಸಿಗೆ ಹಸುಗಳ ಪಕ್ಕೆಲುಬು ಎಣಿಸಬಹುದಿತ್ತು.

ಮುಂದಿನ ಸುಗ್ಗಿಗೆ ಮಾವಯ್ಯ ಕಣದಲ್ಲೇ ತೀರ್ಮಾನ ಹೇಳಿಬಿಟ್ಟರು. ಎತ್ತುಗಳಿಗೆ ಅಟ್ಟದ ಹುಲ್ಲು ಸಾಕು, ಹಸುಗಳನ್ನು ಸಂತೆಗೆ ಹೊಡೆಯುವುದು. ಮಾವಯ್ಯ ಕೆಟ್ಟವರಲ್ಲ. ಬಾಯಿ ದೊಡ್ಡದು, ಅಷ್ಟೆ. ಆದರೆ ನನಗೆ ಆವತ್ತು ಅವರ ಒಳ್ಳೆಯತನ ಲೆಕ್ಕಕ್ಕೆ ಬರಲಿಲ್ಲ.

"ತವರಿಂದ ಬಂದ ಅಸುಗಳ ಮಾರಕ್ಕ ನಾನು ಒಪ್ಪದಿಲ್ಲ ಮಾವಯ್ಯ" ಅಂದೆ.

"ಒಪ್ಪದೆ ಇದ್ರ ಏನ ತಿನ್ಸೀಯಮ್ಮಿ? ಒಲದಲ್ಲಿ ಬುಟ್ರ ಆನ ಬುಡದಿಲ್ಲ. ಉಲ್ಲ ನಿನ್ನ ಸೆರಗಲ್ಲಿ ಕಟ್ಟಿಕ್ಕಂಡಿಯಾ?"

ಕಣದಲ್ಲಿದ್ದವರೆಲ್ಲ ನಕ್ಕರು. ನನ್ನ ಗಂಡನೂ ಮುಖ ಆ ಕಡೆ ತಿರುಗಿಸಿಕೊಂಡು ನಕ್ಕ. ನಾನು ಕೇಳಿದೆ: ಮೆದೆಯಷ್ಟೂ ಹುಲ್ಲು ಶಿವರಾತ್ರಿಯ ಹೊತ್ತಿಗೆ ಅಟ್ಟದ ಮೇಲಿದ್ದರೆ ಹಸು ಇರುತ್ತವೋ ಇಲ್ಲವೋ? ಅವರು ಇನ್ನೂ ನಗುತ್ತಲೇ ಇದ್ದರು. ಇರುತ್ತವೆ ಅಂದರು. ಹತ್ತು ಜನರ ಮುಂದೆ ಅಂದ ಮಾತು ಅದು.

ನಾನು ಬಾಯಿಗೆ ಬಂದದ್ದನ್ನು ಆಡಿದವಳಲ್ಲ. ಒಂದು ತಿಂಗಳ ಹಿಂದೆ ಸತ್ಯಮಂಗಲದಿಂದ ಬರುವಾಗ ಬಸ್ಸು ಹಾಸನೂರಿನಲ್ಲಿ ಟೀಗೆ ನಿಂತಿತ್ತು. ಪಕ್ಕದಲ್ಲೇ ಒಂದು ಲಾರಿ. ಅದರ ತುಂಬ ಇಟ್ಟಿಗೆ ಜೋಡಿಸಿದ ಹಾಗೆ ಚೌಕ ಚೌಕನೆಯ ಹುಲ್ಲಿನ ಕಟ್ಟುಗಳು. ನಾನು ಇಳಿದು ಹೋಗಿ ಒಂದಕ್ಕೆ ಬೆರಳು ಚುಚ್ಚಿದೆ, ಹೋಗಲಿಲ್ಲ. ಡ್ರೈವರನನ್ನು ನನ್ನ ಹರುಕು ತಮಿಳಿನಲ್ಲಿ ಕೇಳಿದೆ. ಘಾಟಿಯ ಕೆಳಗಿನ ಬಯಲಿನ ಕಡೆ ಕಬ್ಬಿಣದ ತಿರುಪು ಹಾಕಿ ಒತ್ತುತ್ತಾರಂತೆ, ತಿರುಗಿಸಲು ನಾಲ್ಕು ಆಳು ಬೇಕಂತೆ. ಹುಲ್ಲು ಕೊಳ್ಳುತ್ತೀಯಾ ಅಂತ ಕೇಳಿದ. ಇಲ್ಲ, ಅಳೆಯುತ್ತೇನೆ ಅಂದೆ. ಗೇಣು ಹಾಕಿ ಅಳೆದೆ. ಉದ್ದ ನಾಲ್ಕು ಗೇಣು, ಅಗಲ ಎರಡು, ಎತ್ತರ ಎರಡು. ಅವನು ಟೀ ಕುಡಿಯುವುದನ್ನು ಬಿಟ್ಟು ನೋಡುತ್ತಿದ್ದ.

ತಿರುಪಿಲ್ಲ, ನಾಲ್ಕು ಆಳಿಲ್ಲ. ಒತ್ತಡ ಎಲ್ಲಿಂದ ತರುವುದು ಅಂತ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ ಯೋಚಿಸುತ್ತಿದ್ದಾಗ ಎದುರಿಗೆ ಕೋಳಿಗಳ ಕೆಳಗೆ ಏತದ ಮರ ಬಿದ್ದಿತ್ತು.

ಗಂಡನನ್ನು ಒಪ್ಪಿಸಲು ಎರಡು ದಿನ ಹಿಡಿಯಿತು. ಆಚಾರಿ ಹಳೆಯ ಹಲಗೆಗಳಲ್ಲಿ ನನ್ನ ಗೇಣಿನ ಅಳತೆಗೆ ಅಗಲವನ್ನೂ ಉದ್ದವನ್ನೂ ಇಟ್ಟು, ಎತ್ತರ ಮಾತ್ರ ಮೂರು ಪಟ್ಟು ಮಾಡಿ ಒಂದು ಪೆಟ್ಟಿಗೆ ಹೊಡೆದುಕೊಟ್ಟ. ಹೆಣ ಇಡಕ್ಕಾ ಅಂತ ಕೇಳಿದ್ದನ್ನು ನಾನು ಮರೆತಿಲ್ಲ. ಹಿತ್ತಲ ಕೊಟ್ಟಿಗೆಯ ಮುಂದೆ ಎರಡು ಕಲ್ಲುಕಂಬಗಳಿದ್ದವು. ಅವಕ್ಕೆ ಅಡ್ಡಲಾಗಿ ಒಂದು ತೊಲೆ ಬಿಗಿದು, ಏತದ ಮರದ ಬುಡವನ್ನು ಆ ತೊಲೆಯ ಕೆಳಕ್ಕೆ ತೂರಿಸಿದೆವು. ಪೆಟ್ಟಿಗೆ ಕಂಬದಿಂದ ಒಂದು ಮೊಳ ಈಚೆಗೆ. ಪೆಟ್ಟಿಗೆಯೊಳಗೆ ಹುಲ್ಲು, ಹುಲ್ಲಿನ ಮೇಲೆ ಬಿಡಿ ಹಲಗೆ, ಹಲಗೆಯ ಮೇಲೆ ಕೊರಡು, ಕೊರಡಿನ ಮೇಲೆ ಏತದ ಮರ. ಮರದ ತುದಿ ಆಕಾಶ ನೋಡುತ್ತಾ ನಿಂತಿರುತ್ತದೆ. ಬುಡದಿಂದ ತುದಿಯ ಕಡೆಗೆ ಒಬ್ಬರು ನಡೆಯುತ್ತಾ ಹೋದರೆ ಅದು ಕೆಳಗೆ ಬರುತ್ತದೆ, ಒಳಗಿನ ಹುಲ್ಲು ಕೂರುತ್ತದೆ.

ಮೊದಲ ಸಲ ಗಂಡ ನಡೆದ. ಹುಲ್ಲು ಮೂರರಲ್ಲಿ ಒಂದು ಪಾಲಾಗಿ ಕೂತಿತು. ನಾವಿಬ್ಬರೂ ಹಿಗ್ಗಿದೆವು. ಆಮೇಲೆ ನೋಡಿದರೆ ಹಗ್ಗ ಕಟ್ಟುವುದು ಹೇಗೆ? ಕೆಳಗಿನಿಂದ ಹಗ್ಗ ತೂರಿಸಲು ಇರುವೆ ಹೋಗುವಷ್ಟೂ ಸಂದಿಯಿಲ್ಲ. ಮರದ ತುದಿಯಲ್ಲಿ ನಿಂತೇ ಗಂಡ ನನ್ನನ್ನು ನೋಡಿ ನಗುತ್ತಾ ಕೆಳಗೆ ಹಾರಿದ. ಅವನ ಭಾರ ಇಳಿದದ್ದೇ ತಡ, ಒತ್ತಿದ ಹುಲ್ಲು ಉಬ್ಬಿ, ಏತದ ಮರ ರೊಯ್ಯನೆ ಮೇಲೆದ್ದು ಕೊಟ್ಟಿಗೆಯ ಸೂರಿನ ಒಂದು ಸಾಲು ಹೆಂಚನ್ನು ಹಾರಿಸಿತು. ಮಾವಯ್ಯ ಒಳಗಿನಿಂದ ಬಂದು ಹೆಂಚು ನೋಡಿದರು, ಮರ ನೋಡಿದರು, ನನ್ನನ್ನು ನೋಡಿದರು. ಅದನ್ನು ಕಡಿದು ಸೌದೆ ಮಾಡಿ ಅಂದು ಒಳಗೆ ಹೋದರು.

ನಾನು ಕಡಿಯಲಿಲ್ಲ.

ಹಗ್ಗದ ಉಪಾಯ ನನಗೇ ಹೊಳೆಯಿತು. ಪೆಟ್ಟಿಗೆಯ ಹಲಗೆಗಳಲ್ಲಿ ಮೇಲಿಂದ ಕೆಳಗಿನವರೆಗೆ ಮೂರು ಸೀಳು ಬಿಡಿಸಿ, ಹುಲ್ಲು ತುಂಬುವ ಮೊದಲೇ ಹಗ್ಗ ಹಾಸಿದೆವು. ಮುಂದಿನ ಹಲಗೆಯನ್ನು ಮೇಲಕ್ಕೆಳೆದು ತೆಗೆಯುವ ಹಾಗೆ ಮಾಡಿಸಿದೆ, ಕಟ್ಟು ಈಚೆಗೆ ಜಾರಿಬರಲಿ ಅಂತ. ಆದರೆ ಮರ ಮೇಲೇಳುವುದಕ್ಕೆ ಉಪಾಯ ಹೇಳಿದ್ದು ಕಾಡಿನ ದೊಡ್ಡವ್ವ. ಜೀರಹಳ್ಳಿ ಕಾಡಿನೊಳಗಿನ ಪೋಡಿನಿಂದ, ಅಂದರೆ ಕಾಡಿನ ಜನರ ಹಟ್ಟಿಯಿಂದ, ಸುಗ್ಗಿಯ ಕೆಲಸಕ್ಕೆ ಬರುತ್ತಿದ್ದ ಮುದುಕಿ. ಎಲೆಯಡಿಕೆ ಜಗಿಯುತ್ತಾ ನಮ್ಮ ಅವಾಂತರವನ್ನೆಲ್ಲ ನೋಡಿದ್ದಳು. ಅವಳ ಗಂಡ ಹೆಜ್ಜೇನು ಇಳಿಸುವವನು. ಎತ್ತರದ ಮರಕ್ಕೆ ಗೂಟ ಹೊಡೆದುಕೊಂಡು, ಒಂದೊಂದೇ ಗೂಟ ಮೆಟ್ಟಿ ಹತ್ತುವವನು.

"ಒಂದು ಗೇಣು ಇಳುದ್ರ ಒಂದು ಗೂಟ ಆಕು ಕೂಸೇ" ಅಂದಳು. "ಇಳುದದ್ದು ಇಳುದಂಗೇ ಇರ್ಲಿ. ಮರಕ್ಕ ಮ್ಯಾಕ್ಕೋಗು ಅಂದೋರ್ಯಾರು?"

ಪೆಟ್ಟಿಗೆಯ ಎರಡೂ ಪಕ್ಕಕ್ಕೆ ಒಂದೊಂದು ಗಟ್ಟಿ ಕಂಬ ನೆಟ್ಟು ತೂತು ಕೊರೆಸಿದೆವು. ಏತದ ಮರ ಆ ಕಂಬಗಳ ನಡುವೆ ಇಳಿಯುತ್ತದೆ. ಇಳಿದಷ್ಟಕ್ಕೂ ಅದರ ನೆತ್ತಿಯ ಮೇಲೆ ಅಡ್ಡ ಗೂಟ. ಆಮೇಲೆ ತುದಿಯಲ್ಲಿದ್ದವರು ಇಳಿದು ಊಟ ಮಾಡಿ ಬಂದರೂ ಮರ ಮಿಸುಕುತ್ತಿರಲಿಲ್ಲ. ಹೀಗೆ ಹೊಲದ ಮೆದೆಯಿಂದ ದಿನಾ ಒಂದಿಷ್ಟು ಹುಲ್ಲು ತಂದು, ಮೂವತ್ತು ಕಟ್ಟು ಒತ್ತಿ ಅಟ್ಟಕ್ಕೇರಿಸಿದೆವು. ಮೆದೆಯ ಅರ್ಧ ಹುಲ್ಲು ಅಟ್ಟದ ಒಂದು ಮೂಲೆಯಲ್ಲಿ ಕೂತಿತ್ತು. ನನ್ನ ನಡಿಗೆಯೇ ಬೇರೆಯಾಗಿತ್ತು ಅಂತ ಆಮೇಲೆ ಅತ್ತೆ ಹೇಳಿದರು.

ಹತ್ತು ದಿನ ಕಳೆದಿರಬೇಕು. ಹಾಲು ಕರೆಯುತ್ತಿದ್ದೆ, ಮೇಲಿನಿಂದ ಏನೋ ಹುಳಿ ವಾಸನೆ. ಏಣಿ ಹತ್ತಿ ಒಂದು ಕಟ್ಟನ್ನು ಮುಟ್ಟಿದರೆ ಜ್ವರ ಬಂದವರ ಮೈಯ ಹಾಗೆ ಬೆಚ್ಚಗಿತ್ತು. ಹಗ್ಗ ಬಿಚ್ಚಿದೆ. ಒಳಗೆ ಬೂದು ಬಣ್ಣದ ಬೂಷ್ಟು, ಮುಖಕ್ಕೆ ಹಬೆ.

ತಪ್ಪು ನಮ್ಮ ಪದ್ಧತಿಯಲ್ಲೇ ಇತ್ತು. ನಮ್ಮ ಕಡೆ ಹುಲ್ಲು ಕಟ್ಟುವುದು ಬೆಳಗಿನ ಮಂಜಿನಲ್ಲಿ. ಬಿಸಿಲೇರಿದರೆ ರಾಗಿ ಹುಲ್ಲು ಕಟಕಟನೆ ಮುರಿದು ಉದುರುತ್ತದೆ. ಮಂಜು ಕುಡಿದ ಹುಲ್ಲು ಮೆತ್ತಗಾಗಿ, ಹೇಳಿದ ಹಾಗೆ ಕೇಳುತ್ತದೆ. ಅಜ್ಜಂದಿರ ಕಾಲದಿಂದ ಹಾಗೇ, ನಾವೂ ಹಾಗೇ ಮಾಡಿದೆವು. ಸಡಿಲ ಕಂತೆಯಾದರೆ ಆ ಮಂಜು ಗಾಳಿಗೆ ಆರಿಹೋಗುತ್ತದೆ. ಇಷ್ಟು ಒತ್ತಿದ ಕಟ್ಟಿನಲ್ಲಿ ಅದು ಎಲ್ಲಿಗೆ ಹೋಗಬೇಕು?

ಮಾವಯ್ಯ ಬೂಷ್ಟು ಹಿಡಿದ ಒಂದು ಹಿಡಿ ಹುಲ್ಲನ್ನು ಅಂಗಳದಲ್ಲಿ ಹಿಡಿದುಕೊಂಡು ನಿಂತರು. ಬರುವ ಸಂತೆಗೇ ಹಸು ಅಂದರು. ತಮ್ಮ ಮಗ ಇನ್ನು ಆ ಮರ ತುಳಿಯಕೂಡದು, ಊರವರ ಬಾಯಿಗೆ ಸಿಕ್ಕಿದ್ದು ಸಾಕು ಅಂದರು. ಗಂಡ ತಲೆ ಕೆಳಗೆ ಹಾಕಿದ.

"ಶಿವರಾತ್ರಿ ಅಂದಿದ್ರಿ" ಅಂದೆ. "ಇನ್ನೂ ಅದ್ನೆಂಟು ದಿನ ಅದ. ಅಲ್ಲೀಗಂಟ ಅಸುಗಳ ಅಗ್ಗ ಯಾರೂ ಮುಟ್ಟಂಗಿಲ್ಲ."

ಮಾವನಿಗೆ ಹಾಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ಕೈಯಲ್ಲಿದ್ದ ಹುಲ್ಲನ್ನು ತಿಪ್ಪೆಗೆ ಎಸೆದು ಹೊರಟುಹೋದರು. ಕೊಟ್ಟ ಮಾತು ಅವರ ಕಾಲಿಗೂ ಹಗ್ಗವೇ.

ಮೂವತ್ತು ಕಟ್ಟನ್ನೂ ಇಳಿಸಿ ಬಿಚ್ಚಿದೆ. ಕೆಟ್ಟದ್ದು ತಿಪ್ಪೆಗೆ, ಉಳಿದದ್ದು ಬಿಸಿಲಿಗೆ. ಇನ್ನು ಒತ್ತುವುದಾದರೆ ನಡುಮಧ್ಯಾಹ್ನವೇ ಆಗಬೇಕು, ಹುಲ್ಲು ಸದ್ದು ಮಾಡುವಷ್ಟು ಒಣಗಿದಾಗ. ಆ ಹೊತ್ತಿಗೆ ಗಂಡಾಳು ಯಾರು ಬರುತ್ತಾರೆ? ಗಂಡ ಅಪ್ಪನ ಮಾತು ಮೀರುವವನಲ್ಲ. ದೊಡ್ಡವ್ವ ನನ್ನ ಮುಖ ನೋಡಿದಳು. ನಾನು ಸೀರೆ ಎತ್ತಿ ಕಚ್ಚೆ ಹಾಕಿದೆ.

ಹೆಂಗಸು ಏತ ಹತ್ತಬಾರದು. ಹತ್ತಿದರೆ ಬಾವಿಯ ನೀರು ಒಳಕ್ಕೆ ಹೋಗುತ್ತದೆ ಅಂತ ನಮ್ಮ ಕಡೆಯ ನಂಬಿಕೆ. ನಾನು ಹಲಗೆಯ ಮೇಲೆ ಕಾಲಿಟ್ಟು ಮರಕ್ಕೆ ಹತ್ತಿದ್ದನ್ನು ಬೇಲಿಯಾಚೆಯಿಂದ ಯಾರು ಕಂಡರೋ, ಅರ್ಧ ಗಳಿಗೆಯಲ್ಲಿ ಬೇಲಿಯ ಉದ್ದಕ್ಕೂ ತಲೆಗಳು. ಮಾವಯ್ಯನನ್ನೂ ಕರೆದುಕೊಂಡು ಬಂದರು.

"ಇಳಿಯಮ್ಮಿ" ಅಂದರು ಮಾವಯ್ಯ. "ನಮ್ಮಪ್ಪನ ಏತ ಅದು."

ನಾನು ಮರದ ನಡುವಿನವರೆಗೆ ಹೋಗಿದ್ದೆ. ಕಾಲಿನ ಕೆಳಗೆ ಮರ ಮೆಲ್ಲಗೆ ಉಸಿರಾಡುತ್ತಿತ್ತು. ಅಲ್ಲಿಂದಲೇ ಹೇಳಿದೆ. "ಬಾವಿ ಮೋಟ್ರು ಆಕೋಳೂ ನಾನೇ, ಆರ್ಸೋಳೂ ನಾನೇ ಮಾವಯ್ಯ. ವರ್ಸದಿಂದ ನನ್ನ ಕೈಯಲ್ಲೇ ನೀರು ಬರ್ತಾ ಅದ. ಕೈಗೆ ಇಲ್ದಿದ್ದ ಮೈಲಿಗೆ ಕಾಲ್ಗ ಎಲ್ಲಿಂದ ಬಂತು?"

ಬೇಲಿಯಾಚೆ ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ನಾನು ಮುಂದಕ್ಕೆ ನಡೆದೆ. ಮರ ಇಳಿಯಿತು. ದೊಡ್ಡವ್ವ ಗೂಟ ಹಾಕಿದಳು. ಆವತ್ತು ಎರಡೇ ಕಟ್ಟು ಆದವು. ಅಂಗಾಲು ಸುಟ್ಟು ಬೊಬ್ಬೆ ಬಂದಿತ್ತು.

ಒಣ ಹುಲ್ಲು ಮುರಿಯುತ್ತಿದ್ದದ್ದು ನಿಜ. ಅದಕ್ಕೂ ದಾರಿ ಕಂಡುಕೊಂಡೆವು. ತಳಕ್ಕೂ ನೆತ್ತಿಗೂ ಉದ್ದನೆಯ ಹುಲ್ಲನ್ನು ಹಾಸಿ, ಪುಡಿಯಾಗುವುದನ್ನು ನಡುವೆ ಇಟ್ಟರೆ ಒಂದು ಕಡ್ಡಿಯೂ ಉದುರುತ್ತಿರಲಿಲ್ಲ. ನಾನೊಬ್ಬಳೇ ಮರದ ತುದಿಗೆ ಹೋದರೂ ಹುಲ್ಲು ಪೂರಾ ಕೂರುತ್ತಿರಲಿಲ್ಲ, ನಾನು ಆಗ ಕಡ್ಡಿಯ ಹಾಗಿದ್ದೆ. ಅದಕ್ಕೆ ತುದಿಗೆ ಒಂದು ಬುಟ್ಟಿ ಕಟ್ಟಿ ಹಳೆಯ ಒರಳುಕಲ್ಲು ಕೂರಿಸಿದೆವು. ನಾಲ್ಕನೆಯ ದಿನ ಗೂಟ ಹಾಕುವ ಜಾಗದಲ್ಲಿ ಅತ್ತೆ ಬಂದು ನಿಂತರು. ದೊಡ್ಡವ್ವನನ್ನು ಹುಲ್ಲು ತುಂಬಲು ಕಳಿಸಿದರು, ಅಷ್ಟೆ. ಆಮೇಲೆ ದಿನಕ್ಕೆ ಐದು ಕಟ್ಟಾಯಿತು. ಶಿವರಾತ್ರಿಯ ಮುನ್ನಾದಿನ ಮೆದೆಯ ಕೊನೆಯ ಹುಲ್ಲೂ ಅಟ್ಟ ಸೇರಿತು. ಮೋಟರು ಹಾಕಿದಾಗಲೆಲ್ಲ ಬಾವಿಯಲ್ಲಿ ನೀರು ಎಷ್ಟಿತ್ತೋ ಅಷ್ಟೇ ಇತ್ತು.

ಶಿವರಾತ್ರಿಯ ಬೆಳಿಗ್ಗೆ ಮಾವಯ್ಯ ಮಿಂದು, ವಿಭೂತಿ ಇಟ್ಟುಕೊಂಡು ನೇರ ಕೊಟ್ಟಿಗೆಗೆ ಬಂದು ಏಣಿ ಹತ್ತಿದರು. ನಾನು ಕೆಳಗೆ ಕೆಂದ ಹಸುವಿನ ಕುತ್ತಿಗೆ ಹಿಡಿದುಕೊಂಡು ನಿಂತಿದ್ದೆ. ಮೇಲೆ ಅವರು ಕಟ್ಟಿನಿಂದ ಕಟ್ಟಿಗೆ ಸರಿಯುವುದು ಕೇಳಿಸುತ್ತಿತ್ತು. ಎಲ್ಲಕ್ಕಿಂತ ಕೆಳಗಿನ ಒಂದನ್ನು ಎಳೆದು ಹಗ್ಗ ಬಿಚ್ಚಿದರು. ಮೊಳಕೈವರೆಗೆ ಕೈ ತೂರಿಸಿ, ಒಳಗಿನ ಹುಲ್ಲು ತೆಗೆದು ಮೂಸಿದರು. ಎಷ್ಟೋ ಹೊತ್ತು ಮೂಸಿದರು. ಆಮೇಲೆ ಆ ಹಿಡಿ ಹುಲ್ಲನ್ನು ಏಣಿ ಇಳಿದು ತಂದು ಚುಕ್ಕಿ ಹಸುವಿನ ಬಾಯಿಗೆ ಹಿಡಿದರು. ಅದು ತಿಂದು ಅವರ ಕೈ ನೆಕ್ಕಿತು.

"ಇರ್ಲಿ ಬುಡು" ಅಂದರು. ಬಾಗಿಲವರೆಗೆ ಹೋಗಿ ತಿರುಗಿದರು. "ಮುಂದ್ಲ ವರ್ಸ ಒಬ್ಬ ಆಳ್ನ ಮಡಿಕ್ಕಳದ. ನೀನು ಅತ್ತಬ್ಯಾಡ."

"ನಾನೇ ಅತ್ತದು ಮಾವಯ್ಯ" ಅಂದೆ. "ಬೇಕಾದ್ರ ನೀವು ಗೂಟ ಆಕಿ."

ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಮುಂದಿನ ಸುಗ್ಗಿಯ ಮೊದಲ ಮಧ್ಯಾಹ್ನ ನಾನು ಕಚ್ಚೆ ಬಿಗಿದು ಹಿತ್ತಲಿಗೆ ಬಂದಾಗ ಕಂಬದ ಪಕ್ಕದ ಕಲ್ಲಿನ ಮೇಲೆ ಮಾವಯ್ಯ ಕೂತಿದ್ದರು. ಗೂಟಗಳನ್ನೆಲ್ಲ ಮಡಿಲಲ್ಲಿ ಹಾಕಿಕೊಂಡು, ಒಂದೊಂದರ ತುದಿಯನ್ನೂ ಕತ್ತಿಯಿಂದ ಕೆತ್ತಿ ನುಣುಪು ಮಾಡುತ್ತಿದ್ದರು. ನನ್ನ ಮುಖ ನೋಡಲಿಲ್ಲ. ಬಿಸಿಲು ಇಳಿಯುತ್ತದೆ, ಬೇಗ ಹತ್ತು ಅಂದರು.