ಅಪ್ಪನ ಸೈಕಲ್ಲಿನ ಸೀಟು ಇಳಿಸಿದ್ದು

ಅಮ್ಮ ಸೈಕಲ್ ಕಲಿಯುತ್ತೇನೆ ಎಂದಾಗ ಮನೆಯಲ್ಲಿ ಎರಡು ಪಕ್ಷಗಳಾದವು. ಬಬ್ಬೂರಿನ ಕೃಷಿ ಫಾರಂಗೆ ಕೆಲಸಕ್ಕೆ ಹೋಗುವ ಅವಳಿಗೆ ದಿನಾ ಬೆಳಿಗ್ಗೆ ಆಟೋ ಭರ್ತಿಯಾಗುವುದನ್ನು ಕಾದು ಕಾದು ಸಾಕಾಗಿತ್ತು.

"ಈ ವಯಸ್ನಾಗೆ ಬಿದ್ರೆ ಮೂಳೆ ಕೂಡಲ್ಲ" ಎಂದ ಅಪ್ಪ.

"ಹೋದ ತಿಂಗಳು ನೀನು ಬಚ್ಚಲಲ್ಲಿ ಜಾರಿ ಬಿದ್ದೆ. ಸ್ನಾನ ಬಿಟ್ಟಿದೀಯೇನಪ್ಪಾ?" ಎಂದೆ ನಾನು.

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಯಾರದು ಯಾವ ಪಕ್ಷ ಎಂದು ಚೀಟಿ ಎತ್ತುತ್ತಾರೆ. ಮನೆಯಲ್ಲಿ ಆ ತೊಂದರೆಯಿಲ್ಲ. ಅಪ್ಪ ಎಲ್ಲಿ ನಿಲ್ಲುತ್ತಾನೋ ಅದರ ಎದುರಿನದು ನನ್ನದು.

ಅಮ್ಮನ ಷರತ್ತು ಒಂದೇ. "ಕುಂತ್ರೆ ಎರಡೂ ಕಾಲು ನೆಲಕ್ಕೆ ಸಿಗಬೇಕು. ಇವತ್ತು ರಜ ಐತೆ, ಧೈರ್ಯಾನೂ ಐತೆ. ನಾಳೆ ಎರಡೂ ಇರಲ್ಲ."

ಇದ್ದ ಸೈಕಲ್ ಅಪ್ಪನದು. ಸೀಟನ್ನು ಅವನ ಎತ್ತರಕ್ಕೆ ಏರಿಸಿದ್ದು. ಅದನ್ನು ಬಿಗಿದಿದ್ದ ಅಡ್ಡ ಬೋಲ್ಟು ತುಕ್ಕು ಹಿಡಿದು ನಟ್ಟಿನ ಜೊತೆ ಒಂದೇ ಕಬ್ಬಿಣವಾಗಿಬಿಟ್ಟಿತ್ತು. ಅಮ್ಮನ ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟು, ಕಲ್ಲಿನಿಂದ ಕುಟ್ಟಿ, ಮತ್ತೆ ಎಣ್ಣೆ ಬಿಟ್ಟೆವು. ಸ್ಪ್ಯಾನರ್ ಹಾಕಿ ತಿರುಗಿಸಿದರೂ ಅಲುಗಲಿಲ್ಲ.

"ಅಮಾಸೆ ದಿನ ಕಬ್ಬಿಣ ಮುಟ್ಟಿದ್ರೆ ಹಿಂಗೇ" ಎಂದ ಅಪ್ಪ.

"ಬೆಳಿಗ್ಗೆ ರೊಟ್ಟಿ ತಿಂದೆಯಲ್ಲ, ಆ ಹೆಂಚೇನು ಬೆಳ್ಳೀದಾ?"

"ಲೇ, ನಿನ್ ಬಾಯಿಗೆ ಹಾಕ್ಬೇಕು ಕಣೇ ಮೊದ್ಲು ಸ್ಪ್ಯಾನರ್ರು!"

ಪಕ್ಕದ ಮನೆಯಿಂದ ಇನ್ನೊಂದು ಸ್ಪ್ಯಾನರ್ ತಂದೆ. ಸೈಕಲ್ ನಡುವೆ. ಈಚೆ ಬದಿಯಲ್ಲಿ ಬೋಲ್ಟಿನ ತಲೆ ಹಿಡಿದು ಅಪ್ಪ, ಆಚೆ ಬದಿಯಲ್ಲಿ ನಟ್ಟು ಹಿಡಿದು ನಾನು. "ಹ್ಯಾಂಡಲ್ ಕಡೆ ಎಳಿ" ಎಂದ ಅಪ್ಪ. ಅಪರೂಪಕ್ಕೆ ನನಗೂ ಅದೇ ಸರಿಯೆನಿಸಿತ್ತು. ಇಬ್ಬರೂ ಹ್ಯಾಂಡಲ್ ಕಡೆಗೆ ಎಳೆದೆವು. ತಿರುಗಿತು! "ಬಂತು, ಬಂತು" ಎಂದು ಅಪ್ಪ ಕೂಗಿದ. ಮತ್ತೆ ಎಳೆದೆವು, ಮತ್ತೆ ತಿರುಗಿತು. ಹೀಗೇ ತಿರುಗುತ್ತಲೇ ಇತ್ತು, ಸಡಿಲವಾಗುವ ಲಕ್ಷಣವೇ ಇಲ್ಲ.

ಮೆಟ್ಟಿಲ ಮೇಲೆ ಸೆರಗು ಸಿಕ್ಕಿಸಿಕೊಂಡು ಕಾಯುತ್ತಿದ್ದ ಅಮ್ಮ ಎದ್ದು ಬಂದು ಬಗ್ಗಿ ನೋಡಿದಳು.

"ಸಾರಿಗೆ ಉಪ್ಪು ಸಾಲದು ಅನ್ನಾದಕ್ಕೂ ಕಿತ್ತಾಡ್ತೀರಿ. ಇವತ್ತೇ ಒಂದಾಗ್ಬೇಕಾ? ಇಬ್ರೂ ಒಂದೇ ಕಡೆ ಎಳೆದ್ರೆ ಬೋಲ್ಟೂ ನಟ್ಟೂ ಕೂಡೇ ಸುತ್ತುತಾವೆ. ಒಬ್ರು ಹಿಂದಕ್ಕೆ ಎಳೀರಿ!"

ಪಕ್ಷ ಬದಲಾಯಿಸಿದ್ದು ನಾನು. ಅಪ್ಪ ಹ್ಯಾಂಡಲ್ ಕಡೆ, ನಾನು ಕ್ಯಾರಿಯರ್ ಕಡೆ. ಕರ್ ಎಂದು ಸದ್ದಾಗಿ ತುಕ್ಕಿನ ಪುಡಿ ಉದುರಿತು. ನಟ್ಟು ಬೆರಳಲ್ಲೇ ತಿರುಗುವಂತಾಯಿತು. ಸೀಟನ್ನು ಅಲುಗಾಡಿಸಿ ಅಲುಗಾಡಿಸಿ ಕೆಳಕ್ಕೆ ತಳ್ಳಿದೆವು. ಅಮ್ಮ ಕೂತು ನೋಡಿದಳು. ಎರಡೂ ಹಿಮ್ಮಡಿ ನೆಲಕ್ಕೆ ತಾಗಿದವು.

ಸಂಜೆ ಎದುರಿನ ಖಾಲಿ ಸೈಟಿನಲ್ಲಿ ಕ್ಯಾರಿಯರ್ ಹಿಡಿದು ಓಡಿದೆವು.

"ಬಿಡಬ್ಯಾಡ ಕಣೇ" ಎಂದ ಅಪ್ಪ.

"ಬಿಡಪ್ಪಾ, ಬಿಡದೆ ಹೆಂಗೆ ಕಲೀತಾಳೆ?"

"ಇಬ್ರೂ ಬಿಡ್ರಿ, ನಿಮ್ಮ ಗಲಾಟೆಗೇ ಬೀಳ್ತೀನಿ!" ಎಂದಳು ಅಮ್ಮ.

ಬಿಟ್ಟೆವು. ಬೇಲಿಯವರೆಗೂ ಹೋಗಿ ಬಿದ್ದಳು, ನಗುತ್ತಾ ಎದ್ದಳು. ಮೂಳೆಗೆ ಏನೂ ಆಗಿರಲಿಲ್ಲ. ಅದನ್ನು ನಾನು ಅಪ್ಪನಿಗೆ ಬಾಯಿಬಿಟ್ಟು ಹೇಳಿದೆ.

ಈಗ ಅವಳು ಸೈಕಲ್ಲಿನಲ್ಲೇ ಫಾರಂಗೆ ಹೋಗುತ್ತಾಳೆ. ಬೇಕಾದಾಗ ತನ್ನ ಸೈಕಲ್ ತನಗೇ ಸಿಗುವುದಿಲ್ಲ, ಸಿಕ್ಕರೂ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತದೆ ಎಂಬುದು ಅಪ್ಪನ ಹೊಸ ವಾದ. ಅವನು ಹೇಳುವುದು ನಿಜ. ಆದರೂ ಎದುರು ಪಕ್ಷ ನನ್ನದೇ.