ತಂಗಿಯ ಹಲ್ಲಿಗೆ ತಿಕ್ಕಿದ ಇಟ್ಟಂಗಿ ಪುಡಿ

ಹಲ್ಲಿನ ಬಣ್ಣ ನೋಡಿ ಮಕ್ಕಳನ್ನು ಹೊಲಸು ಎನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನನ್ನ ತಂಗಿಯನ್ನು ಹಾಗೆ ಅಂದವರಲ್ಲಿ ಮೊದಲನೆಯವಳು ಪಕ್ಕದ ಮನೆಯ ಚಿಗವ್ವ. ಎರಡನೆಯವಳು ನಾನು. ಚಿಗವ್ವ ಅಂದು ಮರೆತಳು. ನಾನು ಮರೆಯಲಿಲ್ಲ. ಒಂದು ವರ್ಷ, ದಿನಾ ಬೆಳಗ್ಗೆ, ಆ ಸಿಟ್ಟನ್ನು ತಂಗಿಯ ಬಾಯಿಯ ಮೇಲೆ ತೀರಿಸಿಕೊಂಡೆ.

ನಮ್ಮೂರು ಆಂಧ್ರದ ಗಡಿಯಲ್ಲಿ, ಹೊಳಗುಂದದ ಕಡೆ. ಅಪ್ಪ ಕುರಿಗಳ ಹಿಂದೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅವ್ವ ಹತ್ತಿ ಬಿಡಿಸಲು ನಸುಕಿಗೇ ಹೋಗುತ್ತಿದ್ದಳು. ತಂಗಿ ಹುಟ್ಟಿದ ಮೇಲೆ ಐದನೇ ತರಗತಿಗೇ ನನ್ನ ಶಾಲೆ ಬಿಡಿಸಿದರು. ಅವಳ ಜಳಕ, ಜಡೆ, ಊಟ ಎಲ್ಲವೂ ನನ್ನದೇ ಪಾಲು. ಹಾಗಾಗಿ ಅವಳ ಮೈಮೇಲೆ ಯಾರು ಏನು ಕೊರತೆ ತೋರಿಸಿದರೂ ಅದು ನನಗೇ ತಾಗುತ್ತಿತ್ತು.

ಅವಳಿಗೆ ಏಳು ವರ್ಷವಾದಾಗ ಮುಂದಿನ ಎರಡು ಹೊಸ ಹಲ್ಲು ಬಂದವು. ಬರುವಾಗಲೇ ಅವುಗಳ ಮೇಲೆ ಹಳದಿ ಮಚ್ಚೆ, ಒಂದರಲ್ಲಿ ಚಹಾದ ಬಣ್ಣದ ಗೆರೆ. ಅದಕ್ಕೂ ಮೊದಲು ಬಂದಿದ್ದ ದವಡೆ ಹಲ್ಲುಗಳೂ ಹಳದಿಯೇ. ಒಂದು ದಿನ ನಲ್ಲಿಯ ಹತ್ತಿರ ಎಲ್ಲ ಹೆಂಗಸರ ಮುಂದೆ ಚಿಗವ್ವ ಅವಳ ಗಲ್ಲ ಹಿಡಿದೆತ್ತಿದಳು.

“ಏನವ್ವಾ, ತಂಗೀಗೆ ಜಡಿ ಬಾಳ ಚಂದ ಹಾಕ್ತಿ. ಬಾಯಿ ತೊಳ್ಸೋದು ಮರ್ತೀಯೇನು? ಹೊಸಾ ಹಲ್ಲಿಗೆ ಆಗ್ಲೇ ಪಾಚಿ ಕಟ್ಟೈತಲ್ಲ!”

ಎಲ್ಲರೂ ನಕ್ಕರು. ಮರುದಿನವೇ ಇಟ್ಟಂಗಿಯ ಚೂರು ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಉಪ್ಪು ಬೆರೆಸಿದೆ. ನಮ್ಮಲ್ಲಿ ಹಿತ್ತಾಳೆ ಕೊಡ ಬೆಳಗುವುದೂ ಅದರಿಂದಲೇ, ಹಳಬರು ಹಲ್ಲುಜ್ಜಿದ್ದೂ ಅದರಿಂದಲೇ. ಅವಳ ತಲೆಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ತೋರುಬೆರಳಿನಿಂದ ತಿಕ್ಕಿದೆ.

“ಅಕ್ಕಾ, ಜುಮ್ ಅಂತೈತೇ! ಬಿಡೇ!”

“ಹೊಲಸು ಹೋಗ್ಬೇಕಂದ್ರ ಜುಮ್ ಅನ್ನಬೇಕು. ಬಾಯಿ ತೆಗಿ.”

ಬರುಬರುತ್ತಾ ಅವಳು ಮಡಕೆಯ ನೀರು ಕುಡಿಯುವುದನ್ನು ಬಿಟ್ಟಳು. ಲೋಟವನ್ನು ಬಿಸಿಲಿಗಿಟ್ಟು, ಬೆಚ್ಚಗಾದ ಮೇಲೆ ಒಂದೇ ಮಗ್ಗುಲಿನಿಂದ ಗುಟುಕರಿಸುತ್ತಿದ್ದಳು. ಜೋಳದ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಮುದ್ದೆ ಮಾಡಿ ನುಂಗುತ್ತಿದ್ದಳು. ಕಣ್ಣಿದ್ದವರಿಗೆ ಇಷ್ಟು ಸಾಕಿತ್ತು. ನಾನು “ಏನಲೇ, ಮುದುಕಿ ಆಗೀಯೇನು?” ಎಂದು ಆಡಿಕೊಂಡೆ. ಒಂದು ದಿನ ಬಾಯಿ ತೆರೆಯಲು ಒಲ್ಲೆ ಎಂದಾಗ ಕೆನ್ನೆಗೆ ಹೊಡೆದೆ. ಸೋಮಾರಿ, ನಾಟಕದವಳು ಅಂದುಕೊಂಡೆ. ಆ ಕೈಯನ್ನು ಅವತ್ತೇ ಯಾರಾದರೂ ಹಿಡಿದು ತಿರುವಬೇಕಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಊಟ ಮಾಡುತ್ತಿದ್ದವಳು ತುತ್ತನ್ನು ಅಂಗೈಗೆ ಉಗುಳಿದಳು. ರೊಟ್ಟಿಯ ನಡುವೆ ಕೆಳಗಿನ ಎಡ ದವಡೆ ಹಲ್ಲಿನ ಚೂರು. “ಹಾಲುಹಲ್ಲು ಬಿಡು, ಬೀಳ್ತೈತಿ, ಮತ್ತ ಬರ್ತೈತಿ” ಎಂದಳು ಸಂಜೆ ಹೊಲದಿಂದ ಬಂದ ಅವ್ವ. ಎರಡು ದಿನವಾದರೂ ತಂಗಿಯ ಅಳು ನಿಲ್ಲದಿದ್ದಾಗ ಬಸ್ಸು ಹತ್ತಿಸಿ ಆದೋನಿಗೆ ಕರೆದುಕೊಂಡು ಹೋದೆ.

ಹಲ್ಲಿನ ಡಾಕ್ಟರಮ್ಮ ತೆಲುಗಿನವರು. ನಮಗೋಸ್ಕರ ಕನ್ನಡ ಬೆರೆಸಿ ಮಾತಾಡಿದರು. ದೀಪ ಹಾಕಿ ತುಂಬ ಹೊತ್ತು ನೋಡಿ, ತಂಗಿಯನ್ನೇ ಕೇಳಿದರು: “ದೇನ್ತೋ ತೋಮುಕುಂಟಾವ್ ಪಾಪಾ? ಯಾವುದ್ರಲ್ಲಿ ಹಲ್ಲು ಉಜ್ತೀ?”

ತಂಗಿ ನನ್ನ ಮುಖ ನೋಡಿದಳು.

“ಪೇಸ್ಟು ಮೇಡಂ. ಬ್ರಷ್ಷು” ಎಂದೆ ನಾನು.

ಯಾಕೆ ಸುಳ್ಳು ಹೇಳಿದೆ? ಕೈಗೆ ಬಿಳಿ ಗವುಸು ಹಾಕಿಕೊಂಡ ಹೆಂಗಸಿನ ಮುಂದೆ ಇಟ್ಟಂಗಿ ಪುಡಿ ಎನ್ನಲು ನಾಚಿಕೆಯಾಯಿತು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣವನ್ನು ಎಷ್ಟು ಹುಡುಕಿದರೂ ನನಗೆ ಸಿಕ್ಕಿಲ್ಲ.

ಅವರು ತಾಳ್ಮೆಯಿಂದ ತಿಳಿಸಿ ಹೇಳಿದರು. ಇದು ಹೊಲಸಲ್ಲ. ಹಲ್ಲು ಒಸಡಿನೊಳಗೆ ತಯಾರಾಗುವಾಗಲೇ ಅದರ ಮೇಲಿನ ಹೊದಿಕೆ ಗಟ್ಟಿಯಾಗಿಲ್ಲ, ಸೀಮೆಸುಣ್ಣದ ಹಾಗೆ ಮೆತ್ತಗಿದೆ. ಎಳೆಗೂಸಾಗಿದ್ದಾಗ ಬಂದ ಕಾಯಿಲೆಯಿಂದ ಇರಬಹುದು, ಇದೇ ಕಾರಣ ಎಂದು ಹೇಳಲಾಗದು. ದವಡೆಯದು ಹಾಲುಹಲ್ಲಲ್ಲ, ಆರನೇ ವರ್ಷಕ್ಕೆ ಬರುವ ಕಾಯಂ ಹಲ್ಲು. ಹೋದರೆ ಮತ್ತೆ ಬರುವುದಿಲ್ಲ. ಆದರೆ ಒಂದು ಅವರಿಗೆ ಅರ್ಥವಾಗಲಿಲ್ಲ: ಮೆತ್ತನೆಯ ಬ್ರಷ್ಷಿಗೆ ಹಲ್ಲು ಇಷ್ಟು ಸವೆದದ್ದು ಹೇಗೆ?

“ಹುಣಸೆಹಣ್ಣು ತಿಂತೀಯಾ ಪಾಪಾ?”

ತಂಗಿ ತಲೆಯಾಡಿಸಿದಳು. ಹುಣಸೆ ತಿನ್ನದ ಮಗು ನಮ್ಮ ಕಡೆ ಯಾವುದಿದೆ?

“ಅದೇ ಮತ್ತ” ಎಂದರು ಡಾಕ್ಟರಮ್ಮ.

ಮುಂದಿನ ಹಲ್ಲುಗಳಿಗೆ ಬಿಳಿ ಅಂಟು ತುಂಬಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದರು. ಒಡೆದ ದವಡೆ ಹಲ್ಲಿಗೆ ಸದ್ಯಕ್ಕೆ ಔಷಧಿ ತುಂಬಿದರು. ನೋವು ಇಳಿದ ಮೇಲೆ, ತಿಂಗಳು ಬಿಟ್ಟು, ಅದಕ್ಕೂ ಬಲಗಡೆಯದಕ್ಕೂ ಸ್ಟೀಲ್ ಕ್ಯಾಪ್ ಹಾಕುವುದಾಗಿ ಹೇಳಿದರು. ಅಲ್ಲಿಯವರೆಗೆ ಮೆತ್ತನೆ ಬ್ರಷ್ಷು, ಹುಳಿ ಕೂಡದು. ಕನ್ನಡಿ ಕೊಟ್ಟಾಗ ತಂಗಿ ಬಾಯಿ ತುಂಬ ನಕ್ಕಳು. ಒಂದು ವರ್ಷದಿಂದ ನಾನು ಆ ನಗು ನೋಡಿರಲಿಲ್ಲ.

ಮನೆಯಲ್ಲಿ ಅವ್ವ ಅವಳಿಗೆ ಹುಳಿಯನ್ನೇ ನಿಲ್ಲಿಸಿದಳು. ನಾವು ಸಾರು ಸುರಿದುಕೊಂಡು ಉಣ್ಣುವಾಗ ಅವಳು ಸಪ್ಪನೆ ಬೇಳೆ ಕಲಸಿಕೊಂಡು ನಮ್ಮ ತಟ್ಟೆ ನೋಡುತ್ತಿದ್ದಳು. ನನ್ನ ಗಂಟಲಲ್ಲಿ ಅನ್ನ ಇಳಿಯುತ್ತಿತ್ತು. ಅದನ್ನು ನೆನೆದರೇ ನನ್ನ ಮೇಲೆ ನನಗೆ ಅಸಹ್ಯ.

ಇಷ್ಟಕ್ಕೇ ನಿಲ್ಲಿಸಿದ್ದರೆ ಹಲ್ಲು ಉಳಿಯುತ್ತಿತ್ತೇನೋ. ಮುಂದಿನವು ಬೆಳ್ಳಗಾದ ಮೇಲೆ ಹಿಂದಿನ ಹಳದಿ ನನ್ನ ಕಣ್ಣಿಗೆ ಇನ್ನೂ ಹೆಚ್ಚು ಚುಚ್ಚತೊಡಗಿತು. ಹೊಲಸಲ್ಲ ಎಂದು ನನ್ನೆದುರಿಗೇ ಹೇಳಿದ್ದರು. ಓದಿದವರು ಹಾಗೇ ಹೇಳುತ್ತಾರೆ ಅಂದುಕೊಂಡೆ. ಮುಂದಿನವಕ್ಕೆ ಹೊಸ ಬ್ರಷ್ಷು, ಹಿಂದಿನವಕ್ಕೆ ಅದೇ ಪುಡಿ, ಅದೇ ಬೆರಳು. ತಿಂಗಳು ತುಂಬುವ ಮೊದಲೇ ತುಂಬಿದ್ದ ಔಷಧಿ ನನ್ನ ಬೆರಳ ಕೆಳಗೇ ಕಿತ್ತುಬಂತು. ಉಳಿದಿದ್ದ ಹಲ್ಲು ಒಸಡಿನ ಮಟ್ಟಕ್ಕೆ ಒಡೆಯಿತು.

ಮತ್ತೆ ಆದೋನಿ. ಡಾಕ್ಟರಮ್ಮನ ಮುಖ ಬಿಗಿಯಿತು. “ಮತ್ತ ತಿಂದೀಯಾ ಹುಣಸೆ?”

ಅವಳು ಒಂದು ಚೂರೂ ತಿಂದಿರಲಿಲ್ಲ. ನನ್ನನ್ನು ನೋಡಲೂ ಇಲ್ಲ. “ಹ್ಞೂ. ಕದ್ದು ತಿಂದೆ” ಎಂದಳು.

ಎಂಟು ವರ್ಷದ ಹುಡುಗಿ ನನ್ನ ಮಾನ ಉಳಿಸಲು ಕಳ್ಳಿಯಾದಳು. ನಾನು ಬಾಯಿ ಮುಚ್ಚಿಕೊಂಡು ನಿಂತೆ. ಹಲ್ಲು ಕಿತ್ತರು. ಇಂಥ ಹಲ್ಲಿಗೆ ಮರಗಟ್ಟಿಸುವ ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲವಂತೆ. ಅವಳು ಕೂಗಿದ ಕೂಗು ಹೊರಗಿನ ಬೆಂಚಿನವರಿಗೂ ಕೇಳಿತು. ಆಮೇಲೆ ಡಾಕ್ಟರಮ್ಮ ಬಲಗಡೆಯ ಹಲ್ಲು ನೋಡಿದರು.

“ಈ ಪಾಪ ಮಾತು ಕೇಳಲ್ಲಮ್ಮ. ಕ್ಯಾಪ್ ಹಾಕಿ ಏನು ಮಾಡ್ಲಿ? ಇದೂ ಹೀಗೇ ಹೋಗುತ್ತೆ. ಮುಂದಿನ ವಾರ ಇದನ್ನೂ ತೆಗೆದುಬಿಡೋಣ.”

ಆಗ ಬಾಯಿ ಬಿಟ್ಟೆ. ಇಟ್ಟಂಗಿ, ಉಪ್ಪು, ಬೆರಳು, ಒಂದು ವರ್ಷ, ನಿನ್ನೆಯ ಬೆಳಗ್ಗೆ, ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಪುಟ್ಟ ಕನ್ನಡಿಯನ್ನು ತಟ್ಟೆಯಲ್ಲಿಟ್ಟರು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ.

“ಮೊದಲ್ನೇ ದಿನಾನೇ ಹೇಳಿದ್ರೆ ತಿಂಗಳು ಕಾಯದೆ ಅವತ್ತೇ ಕ್ಯಾಪ್ ಹಾಕ್ತಿದ್ದೆ. ಆ ಹಲ್ಲು ಇರ್ತಿತ್ತು” ಎಂದರು. “ಇದನ್ನ ಉಳಿಸೋಣ. ನೀನು ಮುಟ್ಟಬೇಡ.”

ಬಸ್ ನಿಲ್ದಾಣದಲ್ಲಿ ತಂಗಿ ಹತ್ತಿ ಉಂಡೆ ಉಗುಳಿ ನನ್ನತ್ತ ತಿರುಗಿದಳು. ತುಟಿಯ ತುದಿಯಲ್ಲಿ ರಕ್ತ.

“ಹೇಳಾಕ ಬರ್ತಿತ್ತಲ್ಲ ನಿಂಗ! ನಾ ಕಳ್ಳಿ ಅನ್ನಿಸ್ಕೊಂಡ್ಮ್ಯಾಲ ಹೇಳ್ದಿ. ಹಲ್ಲು ಕಿತ್ಮ್ಯಾಲ ಹೇಳ್ದಿ.”

ಅವಳ ಸಿಟ್ಟಿನ ಮುಂದೆ ನನ್ನ ಸಿಟ್ಟು ಏನೂ ಅಲ್ಲ. ಊರು ಮುಟ್ಟುವವರೆಗೆ ಅವಳು ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದಳು.

ಅವ್ವನಿಗೆ ನಾನು ಇನ್ನೂ ಹೇಳಿಲ್ಲ. ಹುಣಸೆಯೇ ಹಲ್ಲು ತಿಂದಿತು ಎಂದು ಅವಳು ಇಂದಿಗೂ ಕಂಡವರಿಗೆಲ್ಲ ಹೇಳುತ್ತಾಳೆ. ಕೇಳಿದ ತಾಯಂದಿರು ಮಕ್ಕಳ ಕೈಯಿಂದ ಹುಣಸೆ ಕಸಿದುಕೊಂಡು, ಅದೇ ಮಕ್ಕಳ ಹಳದಿ ಹಲ್ಲನ್ನು ಬೂದಿ, ಇಟ್ಟಂಗಿಯಿಂದ ತಿಕ್ಕುತ್ತಾರೆ. ನಾನು ನೋಡಿಕೊಂಡು ಸುಮ್ಮನಿದ್ದೇನೆ. ಇದನ್ನು ಬರೆಯುತ್ತಿರುವುದು ಅದಕ್ಕೇ.

ಎಡಗಡೆಯದನ್ನು ಕಿತ್ತ ಮುಂದಿನ ವಾರ ಬಲಗಡೆಯ ಹಲ್ಲಿಗೆ ಕ್ಯಾಪ್ ಹಾಕಿದರು. ಒಳಗೆ ಕರೆದಾಗ ನಾನೂ ಎದ್ದೆ.

“ನೀ ಇಲ್ಲೇ ಕುಂದ್ರು” ಎಂದು ತಂಗಿ ಒಬ್ಬಳೇ ಹೋದಳು.

ದಿನಾ ಯಾರು ಉಜ್ಜುತ್ತಾರೆ ಎಂದು ಡಾಕ್ಟರಮ್ಮ ಕೇಳಿದ್ದು ಬಾಗಿಲಾಚೆಯಿಂದ ಕೇಳಿಸಿತು.

“ನಾನು” ಎಂದಳು ಅವಳು. “ನಮ್ಮಕ್ಕನ ಕೈಗೆ ಬ್ರಷ್ಷು ಕೊಡಂಗಿಲ್ಲ.”