ಐವತ್ತು ಫೋಟೊ, ಒಂದು ಸುಳಿ

ಎತ್ತನ್ನು ಬೆರಳ ತುದಿಯಿಂದ ತಿರುಗಿಸಿದ್ದೀರಾ? ನಾನು ಮೊನ್ನೆ ನಮ್ಮೂರು ಮಟಕಿಯಲ್ಲಿ ತಿರುಗಿಸಿದೆ. ಮುಖ, ಬೆನ್ನು, ಬಾಲ, ಮತ್ತೆ ಮುಖ. ಎಲ್ಲ ಮೊಬೈಲಿನಲ್ಲಿ. (ಹಾಯುವ ಭಯವಿಲ್ಲ!)

ನಮ್ಮ ಶರಣಪ್ಪ ಕಾಕಾನವರ ಜೋಡಿ ಎತ್ತುಗಳಲ್ಲಿ ಒಂದು ಸತ್ತಿತ್ತು. ಉಳಿದದ್ದನ್ನು ಚೆನ್ನಾಗಿ ನೋಡಿಕೊಳ್ಳುವ ಮನೆಗೇ ಕೊಡಬೇಕೆಂಬುದು ಅವರ ಹಟ. ಜೇವರ್ಗಿ ಕಡೆಯ ಮಲ್ಲಣ್ಣನವರಿಗೂ ಜೋಡಿಗೊಂದು ಎತ್ತು ಬೇಕಿತ್ತು. ‘ಫೋಟೊ ಕಳಿಸ್ರಿ’ ಎಂದರು. ನಾನು ಸುಮ್ಮನಿರುತ್ತೇನೆಯೇ? ಎತ್ತಿಗೆ ಪ್ರದಕ್ಷಿಣೆ ಹಾಕಿ ಐವತ್ತು ಫೋಟೊ ಹೊಡೆದು ಒಂದು ಆ್ಯಪಿಗೆ ಕೊಟ್ಟೆ. ಅದು ಎಲ್ಲವನ್ನೂ ಬೆರೆಸಿ, ಯಾವ ಕಡೆಯಿಂದ ಬೇಕಾದರೂ ನೋಡಬಹುದಾದ ಒಂದೇ ಎತ್ತು ಮಾಡಿತು.

ಮಲ್ಲಣ್ಣನವರು ಖುಷಿಯಾಗಿ ಫೋನ್ ಮಾಡಿದರು. ‘ಈ ಸಲರೆ ಕೆಟ್ಟ ಸುಳಿ ಇಲ್ಲದ್ದು ಸಿಕ್ತು ನೋಡ್ರಿ! ನಾಳೆ ಗಾಡಿ ತರ್ತೇನಿ.’ (ಎತ್ತಿನ ಮೈಯ ಕೂದಲು ತಪ್ಪು ಜಾಗದಲ್ಲಿ ಸುತ್ತಿಕೊಂಡಿದ್ದರೆ ಮನೆಗೆ ಕೇಡಂತೆ. ನಮ್ಮ ಕಡೆ ಮೊದಲು ನೋಡುವುದೇ ಅದನ್ನು.)

ಕಾಕಾ ಮೊಬೈಲ್ ಕಸಿದುಕೊಂಡರು. ‘ಲೇ, ಬಲಭುಜದ ಹಿಂದ ಒಂದು ಸುಳಿ ಅದಲ್ಲೋ. ಎಲ್ಲಿ ಹೋತು?’

ಹೌದು, ಮೈಮೇಲಿದೆ, ಮೊಬೈಲಿನಲ್ಲಿಲ್ಲ! ನೊಣ ಕೂತಾಗಲೆಲ್ಲ ಎತ್ತು ಚರ್ಮ ಅದುರಿಸಿತ್ತು. ಒಂದೊಂದು ಫೋಟೊದಲ್ಲಿ ಸುಳಿ ಒಂದೊಂದು ಕಡೆ. ಎಲ್ಲ ಬೆರೆಸುವಾಗ ಆ್ಯಪ್ ಅದನ್ನು ನೀಟಾಗಿ ಬಾಚಿಬಿಟ್ಟಿತ್ತು. ಐವತ್ತು ಫೋಟೊವೂ ನಿಜ, ಬೆರೆತದ್ದು ಮಾತ್ರ ಸುಳ್ಳು.

‘ಸುಮ್ನಿರ್ರಿ ಕಾಕಾ, ಸುಳಿ ಗಿಳಿ ಯಾರು ನಂಬ್ತಾರ ಈಗ?’ ಎಂದೆ. (ಓದಿದವನಲ್ಲವೇ!)

‘ಅಂವ ನಂಬ್ತಾನಲ್ಲ. ಗಾಡಿಗಿ ಹತ್ತಿಸೋ ಮುಂದ ಸುಳಿ ಕಾಣಲಿಲ್ಲಂದ್ರ, ಮುಂದೊಂದಿನ ಕಂಡೇ ಕಾಣ್ತದ. ಆಮ್ಯಾಲ ಮನ್ಯಾಗ ಕೂಸಿಗಿ ನೆಗಡಿ ಬಂದ್ರೂ ಎತ್ತಿನ ಮ್ಯಾಲ ಹಾಕ್ತಾನ. ಹೊಡ್ತ ತಿನ್ನೋದು ಅದು, ನೀ ಅಲ್ಲ.’

ನಿಜ ಹೇಳಲೇ? ನಾಚಿಕೆಯಾಯಿತು.

ಕಾಕಾ ತಾವೇ ಫೋನ್ ಹಚ್ಚಿ ಸುಳಿಯ ವಿಷಯ ಹೇಳಿದರು. ಕೆಟ್ಟಿತು ವ್ಯಾಪಾರ, ಅಂದುಕೊಂಡೆ.

‘ಮತ್ತೇನರೆ ಐಬು ಅದ ಏನ್ರಿ?’ ಮಲ್ಲಣ್ಣನವರ ದನಿ.

‘ನೊಣ ಕುಂತ್ರ ತಡಿಯಂಗಿಲ್ರಿ. ಅಷ್ಟ.’

‘ನನ್ನ ಹತ್ರ ಇರೋ ಎತ್ತಿಗೂ ಅಲ್ಲೇ ಸುಳಿ ಅದರಿ. ಮಾರಿದಂವ ಹೇಳಿರ್ಲಿಲ್ಲ. ಆ ಸಿಟ್ಟಿಗಿ ಅದಕ್ಕ ಭಾಳ ಬೈದೇನಿ. ಖರೆ ಹೇಳ್ಬೇಕಂದ್ರ, ಪಾಪ, ಹೊಲದಾಗ ಗಳೇ ಹೊಡಿವಾಗ ಒಂದಿನ ಹಿಂದ ಬಿದ್ದಿಲ್ಲ. ನಾಳೆ ಬರ್ತೇನ್ರಿ.’

ಮರುದಿನ ಬಂದರು. ಮೊಬೈಲ್ ತೆಗೆಯಲೇ ಇಲ್ಲ. ಸುಳಿಯ ಮೇಲೆ ಕೈಯಾಡಿಸಿ, ಹಗ್ಗ ಹಿಡಿದು ಗಾಡಿಯತ್ತ ಹೊರಟರು. ಕಾಕಾ ರಸ್ತೆಯವರೆಗೂ ಹಿಂದೆಯೇ ಹೋದರು.

ಐವತ್ತು ಕಡೆ ನಿಂತು ನೋಡಿದೆನಲ್ಲ, ಎತ್ತಿನ ಕಡೆಯಿಂದ ಒಮ್ಮೆಯಾದರೂ ನೋಡಿದೆನೇ?